ಅಪ್ಪ ಮಾಡಿದ ಕೆನೆ ಪಾಸ್ತಾ

ಇಲವಾಲದ ಛತ್ರದಲ್ಲಿ ನಡೆದ ನೆಂಟರ ಮದುವೆಯಲ್ಲಿ ಅಪ್ಪ ಮೊದಲ ಸಲ ಪಾಸ್ತಾ ತಿಂದರು. ಊಟದ ಮನೆಯ ಬಾಗಿಲಲ್ಲೇ ಅಡುಗೆಯವನೊಬ್ಬ ಬಾಣಲೆ ಕುಲುಕುತ್ತ, ಕೇಳಿದವರಿಗೆಲ್ಲ ಬಿಸಿಬಿಸಿ ಮಾಡಿ ಕೊಡುತ್ತಿದ್ದ. ಅಪ್ಪ ಎರಡು ಸಲ ತಟ್ಟೆ ಒಡ್ಡಿದರು. ಆಮೇಲೆ ತಟ್ಟೆಯಿಲ್ಲದೆಯೇ ನಿಂತು ಅವನ ಕೈಯನ್ನೇ ನೋಡುತ್ತಿದ್ದರು. ಕಾರ್ಖಾನೆಯಲ್ಲಿ ಲೇತ್ ಯಂತ್ರ ನಡೆಸಿ ನಿವೃತ್ತರಾದವರು. ಯಾವ ಕೆಲಸವನ್ನಾದರೂ ಹತ್ತಿರ ಹೋಗಿ ನೋಡದೆ ಬಿಡುವವರಲ್ಲ. ಆದರೆ ಕುಂಬಾರಕೊಪ್ಪಲಿನ ನಮ್ಮ ಮನೆಯಲ್ಲಿ ಅವರು ಒಲೆ ಹೊತ್ತಿಸಿದ್ದನ್ನು ನಾನು ಕಂಡಿರಲಿಲ್ಲ.

ಮುಂದಿನ ಭಾನುವಾರ ಅಮ್ಮ ದಟ್ಟಗಳ್ಳಿಯ ಚಿಕ್ಕಮ್ಮನ ಮನೆಗೆ ಹೊರಟಳು. ಗೇಟು ಹಾಕಿದ ಸದ್ದು ಕೇಳಿದ್ದೇ ತಡ, ಅಪ್ಪ ಅಂಗಿಯ ತೋಳು ಮಡಚಿದರು.

"ಬಾರಮ್ಮ, ಪಾಸ್ತಾ ಮಾಡಾಣ."

"ಅಪ್ಪಾ, ನಂಗೂ ಬರಲ್ಲ."

"ನಾನು ನೋಡ್ಕೊಂಡ್ ಬಂದಿದೀನಿ ಕಣಮ್ಮ. ಬೆಣ್ಣೆ, ಮೈದಾ, ಹಾಲು, ಕ್ರೀಮು. ಅಷ್ಟೇ!"

ಬೀದಿ ಕೊನೆಯ ಅಂಗಡಿಗೆ ಓಡಿದೆ. ಪಾಸ್ತಾ, ಚೀಸು ಸಿಕ್ಕವು, ಕ್ರೀಮು ಇರಲಿಲ್ಲ. ಅಪ್ಪ ಫ್ರಿಜ್ಜು ತೆರೆದರು. ತುಪ್ಪಕ್ಕೆಂದು ಅಮ್ಮ ದಿನವೂ ಹಾಲಿನಿಂದ ತೆಗೆದು ಕೂಡಿಟ್ಟ ಕೆನೆಯ ಡಬ್ಬಿ ಅಲ್ಲಿತ್ತು.

"ಅಮ್ಮ ಬೈತಾಳೆ," ಎಂದೆ.

"ಬೈಲಿ ಬುಡು," ಎನ್ನುತ್ತ ಅಪ್ಪ ಡಬ್ಬಿ ಎತ್ತಿಕೊಂಡೇಬಿಟ್ಟರು.

ಉಪ್ಪು ಹಾಕಿದ ನೀರಿನಲ್ಲಿ ಪಾಸ್ತಾ ಬೇಯತೊಡಗಿತು. ಪಕ್ಕದ ಒಲೆಯಲ್ಲಿ ಬೆಣ್ಣೆ ಕರಗಿ, ಬೆಳ್ಳುಳ್ಳಿ ಕೆಂಪಾಗಿ, ಮೈದಾ ಬಿತ್ತು. ನಾನು ಆತುರದಲ್ಲಿ ಲೋಟದ ಹಾಲನ್ನೆಲ್ಲ ಒಂದೇ ಸಲಕ್ಕೆ ಸುರಿದೆ. ಗಂಟೋ ಗಂಟು! ಇಬ್ಬರೂ ನಕ್ಕು, ಅದನ್ನು ಅತ್ತ ಇಟ್ಟು ಹೊಸದಾಗಿ ಶುರು ಮಾಡಿದೆವು. ಈ ಸಲ ಅಪ್ಪ ಸೌಟು ಹಿಡಿದು ಬಾಣಲೆಯ ಮೇಲೆ ಬಗ್ಗಿದರು. "ಹುಯ್ಯಿ... ನಿಧಾನ... ನಿಲ್ಸು. ಇನ್ನೊಂಚೂರು." ಹಾಲು ಮೆಲ್ಲಗೆ ಮಂದವಾಗಿ, ರೇಷ್ಮೆಯ ಹಾಗೆ ಸೌಟಿನಿಂದ ಇಳಿಯತೊಡಗಿತು. ಕೆನೆ, ಚೀಸು, ಮೆಣಸಿನ ಪುಡಿ ಸೇರಿದಾಗ ಅಪ್ಪ ಕೂಗಿಯೇಬಿಟ್ಟರು: "ಬಂತು ಕಣಮ್ಮ, ಬಂತು! ಅದೇ ಬಣ್ಣ!"

ಬೆಂದ ಪಾಸ್ತಾ ಬಾಣಲೆಗೆ ಬೀಳುವುದಕ್ಕೂ ಗೇಟು ಕಿರ್ರೆನ್ನುವುದಕ್ಕೂ ಸರಿಹೋಯಿತು. ಚಿಕ್ಕಮ್ಮನ ಮನೆಗೆ ಬೀಗ ಹಾಕಿತ್ತಂತೆ. ಅಮ್ಮ ಹಾಗೇ ವಾಪಸು ಬಂದಿದ್ದಳು. ಅಡುಗೆಮನೆಯಲ್ಲಿ ಗಂಡನನ್ನು ಕಂಡು ಬಾಗಿಲಲ್ಲೇ ನಿಂತಳು. ಆಮೇಲೆ ಖಾಲಿ ಡಬ್ಬಿ ಕಣ್ಣಿಗೆ ಬಿತ್ತು.

"ಅಯ್ಯೋ, ನನ್ ಕೆನೆ!"

ಅಪ್ಪ ಕುರ್ಚಿ ಎಳೆದರು. "ಮೊದ್ಲು ಕೂತ್ಕೊ. ಆರೋಗುತ್ತೆ."

ಬೈಯಲು ಬಾಯಿ ತೆರೆದಿದ್ದ ಅಮ್ಮ ಅದೇಕೋ ಕೂತಳು. ಅಪ್ಪ ಬಡಿಸಿದರು. ಅವಳು ಒಂದು ಚಮಚ ಬಾಯಿಗಿಟ್ಟುಕೊಂಡು ಸಾವಕಾಶವಾಗಿ ಅಗಿದಳು. ನಾವಿಬ್ಬರೂ ಅವಳ ಬಾಯನ್ನೇ ನೋಡುತ್ತ ನಿಂತಿದ್ದೆವು.

"ಉಪ್ಪು ಒಂಚೂರು ಕಮ್ಮಿ," ಎಂದಳು. ಎರಡನೆಯ ಚಮಚ, ಮೂರನೆಯದು. ಕೊನೆಗೆ ತಟ್ಟೆ ಮುಂದೆ ನೂಕಿದಳು. "ಇನ್ನೊಂದ್ ಸೌಟು ಹಾಕಿ."

ಅಪ್ಪನ ಮುಖ ನೋಡಬೇಕಿತ್ತು! ಬಾಣಲೆ ಬಳಿದು ಬಡಿಸುತ್ತಿದ್ದಾಗ ಅಮ್ಮ ಆಗಲೇ ಚಿಕ್ಕಮ್ಮನಿಗೆ ಫೋನು ಮಾಡಿದ್ದಳು. "ಎಲ್ಲೋಗಿದ್ರೇ ನೀವು? ಸಂಜೆ ಎಲ್ರೂ ಬನ್ನಿ. ಇವ್ರು ಪಾಸ್ತಾ ಮಾಡವ್ರೆ, ಎಷ್ಟು ಚೆನ್ನಾಗದೆ ಅಂತೀಯ!"

ಖಾಲಿ ಬಾಣಲೆ ಹಿಡಿದ ಅಪ್ಪ ನನ್ನ ಕಡೆ ತಿರುಗಿದರು. ಗಾಬರಿಯೋ ಖುಷಿಯೋ ತಿಳಿಯದ ಧ್ವನಿಯಲ್ಲಿ, "ಓಡಮ್ಮ, ಅಂಗ್ಡಿ ಮುಚ್ಚೋದ್ರೊಳ್ಗೆ ಓಡು! ಕೆನೆ ಬೇರೆ ಮುಗ್ದೋಯ್ತು, ಹಾಲೂ ಜಾಸ್ತಿ ತಗೊ!" ಎಂದರು.