ಸಾಹೇಬರ ರಿಮ್ ಬ್ರೇಕು

ಮೊನ್ನೆ ಸ್ಕ್ರೂಡ್ರೈವರ್ ಹುಡುಕುತ್ತಾ ಮೇಜಿನ ಡ್ರಾಯರಿಗೆ ಕೈ ಹಾಕಿದವನಿಗೆ ಸಿಕ್ಕಿದ್ದು ಸೈಕಲ್ಲಿನ ಬ್ರೇಕ್ ರಬ್ಬರುಗಳು. ಸವೆದು ಓರೆಯಾಗಿದ್ದವು. ಮೂಗಿನ ಹತ್ತಿರ ಹಿಡಿದೆ. ಇಷ್ಟು ವರ್ಷದ ಮೇಲೆ ವಾಸನೆ ಉಳಿದಿರಲಾರದು. ಆದರೂ ಸುಟ್ಟ ರಬ್ಬರಿನ ಘಾಟು ಬಂದೇ ಬಂತು... ಅದರ ಹಿಂದೆಯೇ ಸಾಹೇಬರೂ ಬಂದರು.

ಸಾಹೇಬರಿಗೆ ಶಿರಾ ಪೇಟೆಯಲ್ಲಿ ಕನ್ನಡಕದ ಅಂಗಡಿ. ನಾನು ಮಧುಗಿರಿಯ ಮೇಷ್ಟ್ರು. ಭಾನುವಾರ ಬೆಳಿಗ್ಗೆ ಅವರು ಅಲ್ಲಿಂದ, ನಾನು ಇಲ್ಲಿಂದ ಹೊರಟು ನಡುದಾರಿಯ ಟೀ ಅಂಗಡಿಯಲ್ಲಿ ಸೇರುತ್ತಿದ್ದೆವು. ಇಬ್ಬರದೂ ತೆಳು ಟೈರಿನ, ಬಾಗಿದ ಹ್ಯಾಂಡಲಿನ ರೋಡ್ ಸೈಕಲ್ಲು. ದೇವರು, ರಾಜಕೀಯ, ಬೆಲೆಯೇರಿಕೆ ಯಾವುದರಲ್ಲೂ ನಮಗೆ ಭಿನ್ನಾಭಿಪ್ರಾಯವಿರಲಿಲ್ಲ; ಇದ್ದದ್ದು ಬ್ರೇಕಿನಲ್ಲಿ ಮಾತ್ರ. ನನ್ನದು ಡಿಸ್ಕ್, ಚಕ್ರದ ನಡುವಿನ ಪುಟ್ಟ ಉಕ್ಕಿನ ತಟ್ಟೆಯನ್ನು ಕಚ್ಚಿ ಹಿಡಿಯುವಂಥದ್ದು. ಅವರದು ರಿಮ್, ಚಕ್ರದ ಅಂಚನ್ನೇ ರಬ್ಬರಿನಿಂದ ಒತ್ತುವ ಹಳೆಯ ಸಂಪ್ರದಾಯ. ಪಕ್ಷಾಂತರದ ಮಾತೆತ್ತಿದರೆ ಸಾಹೇಬರು ಕೆರಳುತ್ತಿದ್ದರು.

"ಅರೆ ಮೇಷ್ಟ್ರೇ, ನಿಮ್ ಡಿಸ್ಕು ಸೆಟ್‌ದೋಸೆಯಷ್ಟಗಲ. ನನ್ ಡಿಸ್ಕ್ ನೋಡಿ, ಇಡೀ ಚಕ್ರದಷ್ಟಗಲ! ಯಾವ್ದು ದೊಡ್ದು?"

"ಮಳೆ ಬಂದಾಗ ಕೇಳಿ ಸಾಹೇಬ್ರೇ, ಹೇಳ್ತೀನಿ."

"ಮಳೆ? ನಮ್ ಸೀಮೇಲಾ?" ಎಂದು ಆಕಾಶ ನೋಡಿ ನಗುತ್ತಿದ್ದರು.

ಒಂದು ಸಲ ಅದು ಬಂದೇ ಬಂತು. ಒದ್ದೆ ರಿಮ್ಮಿನ ಮೇಲೆ ರಬ್ಬರು ಜಾರಿ, ಸಾಹೇಬರು ಮೋರಿಗೆ ಬಿದ್ದು ಭುಜ ಮುರಿದುಕೊಂಡರು. ನೋಡಲು ಹೋದರೆ, ಅವರ ಮನೆಯವರು ಚಹಾದ ಲೋಟವನ್ನು ಕುಟ್ಟಿ ಇಟ್ಟು ತೀರ್ಪು ಹೇಳಿದರು: "ಮಾಸ್ಟರ್‌ಜೀ, ನೀವೇ ಸಾಕ್ಷಿ. ಇನ್ನೊಂದ್ ಸಲ ಬಿದ್ರೆ ಸೈಕಲ್ ಗುಜರಿಗೆ, ಇವ್ರು ಮನೇಲಿ."

ಸಾಹೇಬರು ಬಾಗಿಲವರೆಗೆ ಬಂದು ಪಿಸುಗುಟ್ಟಿದರು. "ಸೈಕಲ್ ಹೋದ್ರೆ ನಾನು ಅಂಗಡೀಲಿ ಕಣ್ ಪರೀಕ್ಷೆಗಿರೋ ಅಕ್ಷರದ ಬೋರ್ಡ್ ಥರ ಆಗ್ಬುಡ್ತೀನಿ ಮೇಷ್ಟ್ರೇ. ಗೋಡೆಗೆ ನೇತಾಡ್ಕೊಂಡು..."

ಭುಜ ಕೂಡಿದ ಮೇಲೆ ಮತ್ತೆ ಹೊರಟೆವು. ಐ.ಡಿ.ಹಳ್ಳಿ ಕಡೆಯ ಇಳಿಜಾರು, ಚಳಿಗಾಲದ ಬೆಳಿಗ್ಗೆ, ಆಗಷ್ಟೇ ಹಿಡಿದ ತುಂತುರು. ಸಾಹೇಬರು ಮುಂದೆ, ನಾನು ಹಿಂದೆ. ಅವರ ಬೆರಳು ಬ್ರೇಕಿನ ಮೇಲೆ. ನನ್ನ ಕಣ್ಣು ಆ ಬೆರಳ ಮೇಲೆ. "ಇಳಿದು ನಡೀರಿ" ಎಂದು ಕೂಗಿದೆ. ಅವರು ತಿರುಗಲಿಲ್ಲ.

ತಿರುವು ದಾಟಿದ್ದೇ ರಸ್ತೆ ಮಾಯ. ನಮ್ಮ ಕಡೆ ಹುರುಳಿ ಕಿತ್ತ ಮೇಲೆ ಕಣ ಮಾಡುವ ಉಸಾಬರಿ ಯಾರಿಗೂ ಬೇಡ. ಡಾಂಬರಿನ ಮೇಲೆ ಹಾಸಿದರೆ ಬಸ್ಸು ಲಾರಿಗಳು ಪುಕ್ಕಟೆ ಒಕ್ಕಣೆ ಮಾಡಿಕೊಡುತ್ತವೆ. ಅಂಚಿನಿಂದ ಅಂಚಿಗೆ ನೆನೆದ ಹುರುಳಿ ಗಿಡ. ನಟ್ಟನಡುವೆ, ನಮಗೆ ಬೆನ್ನು ಹಾಕಿ, ತುಂತುರಿಗೆ ಹೆದರಿ ಅದನ್ನು ಬಾಚುತ್ತಿದ್ದ ಒಬ್ಬ ಅಜ್ಜಿ.

ನಾನು ಡಿಸ್ಕ್ ಹಿಡಿದೆ. ಅದು ತನ್ನ ಕೀರ್ತಿಗೆ ತಕ್ಕಂತೆ ತಕ್ಷಣ ಕಚ್ಚಿತು. ಚಕ್ರ ನಿಂತಿತು, ಸೈಕಲ್ ನಿಲ್ಲಲಿಲ್ಲ. ಹುರುಳಿಯ ಮೇಲೆ ಜಾರಿ ಬೇಲಿ ಸೇರಿದೆ. ಬಿದ್ದಲ್ಲಿಂದಲೇ ನೋಡಿದೆ. ಸಾಹೇಬರು ಎರಡೂ ಬ್ರೇಕು ಹಿಸುಕಿದ್ದಾರೆ, ರಬ್ಬರು ಕಿರುಚುತ್ತಿದೆ, ಸೈಕಲ್ಲು ಇಳಿಯುತ್ತಲೇ ಇದೆ. "ಅಮ್ಮಾ... ಸರೀರಿ! ಸರೀರಿ!" ಅಜ್ಜಿ ತಿರುಗಿದಳು. ಸುಟ್ಟ ರಬ್ಬರಿನ ವಾಸನೆ ನನ್ನವರೆಗೂ ಬಂತು. ಮುಂದಿನ ಚಕ್ರ ಅವಳ ಸೀರೆಯ ಅಂಚಿಗೆ ತಾಗಿ ನಿಂತಿತು.

"ಏನ್ರಯ್ಯಾ, ಹುರ್ಳಿ ಒಕ್ಕಕೆ ಬಂದ್ರಾ, ನನ್ನೇ ಒಕ್ಕಕೆ ಬಂದ್ರಾ? ಈ ವಯಸ್ನಾಗೆ ಇಂಗೆ ಓಡುಸ್ತಾರಾ?" ಎಂದಳು ಅಜ್ಜಿ.

ಸಾಹೇಬರು ಬಿದ್ದಿರಲಿಲ್ಲ. ತೀರ್ಪಿನ ಪ್ರಕಾರ ಸೈಕಲ್ಲು ಉಳಿದಿತ್ತು. ಬಿದ್ದವನು ನಾನು, ಡಿಸ್ಕ್ ಪಕ್ಷದ ವಕ್ತಾರ. ಹಂಗಿಸುತ್ತಾರೆಂದು ಕಾದೆ. ಅವರು ರಸ್ತೆಬದಿಯ ಕಲ್ಲಿನ ಮೇಲೆ ಕೂತು ತಮ್ಮ ಅಂಗೈಗಳನ್ನೇ ನೋಡಿಕೊಳ್ಳುತ್ತಿದ್ದರು. ತಲೆಯೆತ್ತದೆ ಹೇಳಿದರು:

"ನನ್ ಬ್ರೇಕ್ ಟೈಮಿಗೆ ಹಿಡೀಲಿಲ್ಲ ಮೇಷ್ಟ್ರೇ. ಆಯಮ್ಮ ಹಿಂದಕ್ಕೆ ಸರಿದ್ಲು. ಅಷ್ಟೇ."

ಮರುವಾರ ಅವರು ಟೀ ಅಂಗಡಿಗೆ ಬಸ್ಸಿನಲ್ಲಿ ಬಂದರು. ಈ ರಬ್ಬರುಗಳನ್ನು ನನ್ನ ಕೈಗೆ ಹಾಕಿ, "ಡಿಸ್ಕ್ ಸೈಕಲ್ ಒಂದು ಹೇಳಿದೀನಿ. ಅದು ಬರೋಗಂಟ ಇವು ನಿಮ್ ಹತ್ರ ಇರ್ಲಿ. ಮನೇಲಿದ್ರೆ ಹಾಕ್ಕೊಂಡು ಹೊರಟ್ಬುಡ್ತೀನಿ" ಎಂದರು. ಹೊಸ ಸೈಕಲ್ ಬರುವ ಮುಂಚೆ, ಒಂದು ಮಧ್ಯಾಹ್ನ, ಅಂಗಡಿಯ ಕುರ್ಚಿಯಲ್ಲಿ ಕೂತಲ್ಲೇ ಅವರ ಎದೆಬಡಿತ ನಿಂತಿತು. ಇಳಿಜಾರಿಲ್ಲ, ತುಂತುರಿಲ್ಲ...

ಆಮೇಲೆ ನಾನು ಆ ದಾರಿ ಹಿಡಿದಿರಲಿಲ್ಲ. ರಬ್ಬರು ಸಿಕ್ಕ ಮರುದಿನ ಹೋದೆ. ತಿರುವಿನಾಚೆ ಈ ಸಲವೂ ಹುರುಳಿ ಹಾಸಿತ್ತು, ಅದೇ ಅಜ್ಜಿ ಇದ್ದಳು. ಆದರೆ ರಸ್ತೆಯ ಎಡಕ್ಕೆ ಉದ್ದಕ್ಕೂ ಒಂದು ಪಟ್ಟಿ ಖಾಲಿ ಬಿಟ್ಟಿತ್ತು. ನನ್ನ ಗುರುತು ಹಿಡಿದು ಹಿಂದೆ ಮುಂದೆ ನೋಡಿದಳು.

"ಇನ್ನೊಬ್ರೆಲ್ಲಿ? ಆ ಸಾಬ್ರು?"

"ತೀರ್ಕೊಂಡ್ರು ಕಣಜ್ಜಿ."

"ಅಯ್ಯೋ ಸಿವ್ನೇ... ಅವತ್ತಿಂದ ವರ್ಸಾ ವರ್ಸಾ ಈ ಕಡೀಕೆ ಜಾಗ ಬುಟ್ಟೇ ಹಾಸ್ತಿವ್ನಿ. ಇಬ್ರೂ ಬತ್ತೀರಿ ಅಂತ."

ಎರಡು ಸೈಕಲ್ಲು ಜೊತೆಗೆ ಹೋಗುವಷ್ಟು ಅಗಲದ ಬರೀ ಡಾಂಬರು. ಬಿಸಿಲಿತ್ತು. ನಾನು ಅದರ ಒಂದು ಅಂಚಿಗೆ ಸರಿದುಕೊಂಡು, ಉಳಿದ ಜಾಗವನ್ನು ಹಾಗೇ ಬಿಟ್ಟು, ಬ್ರೇಕ್ ಹಿಡಿದು ನಿಧಾನವಾಗಿ ಇಳಿದೆ.