‘ಬರ್ರಿ ಊಟಕ್ಕ’ ಅಂದಾಗ ಕೂತವರು

ನಿನ್ನೆ ಗುರೆಳ್ಳು ಹುರಿಯುವಾಗ ಸ್ವಲ್ಪ ಸೀದ ವಾಸನೆ ಬಂತು. ಅಕ್ಕೋರಿಗೆ ಚಟ್ನಿ ಹಾಗೆ ಸೀದಿದ್ದರೇ ಇಷ್ಟ... ಅವರು ಹೋಗಿ ಒಂದು ಮಳೆಗಾಲ ಕಳೆಯಿತು.

ಶಿರಹಟ್ಟಿಯ ಶಾಲೆಯಲ್ಲಿ ಇಂಗ್ಲಿಷ್ ಕಲಿಸುವ ಅಕ್ಕೋರಾಗಿದ್ದು ನಿವೃತ್ತರಾದ ಮೇಲೆ ಅವರು ಬೆಟಗೇರಿಗೆ ಬಂದು, ನಮ್ಮ ಮನೆಯ ಎದುರಿನ ಖೋಲಿಯಲ್ಲಿ ಬಾಡಿಗೆಗಿದ್ದರು. ಒಬ್ಬರೇ. ಅದೇ ವರ್ಷ ನಮ್ಮ ಯಜಮಾನರು ತೀರಿಕೊಂಡಿದ್ದರು. ಅವರು ನೇಯುತ್ತಿದ್ದ ಮಗ್ಗ ನಿಂತುಹೋದ ಮನೆಯೊಳಗೆ ಕೂತರೆ ನನಗೆ ತುತ್ತು ಇಳಿಯುತ್ತಿರಲಿಲ್ಲ. ತಾಟು ಹಿಡಿದು ಹೊರಗಿನ ಕಟ್ಟೆಗೆ ಬರುತ್ತಿದ್ದೆ. ಅಲ್ಲಿಯೂ ಒಂದು ಚೂರು ತಿಂದು, ಉಳಿದದ್ದನ್ನು ಓಣಿಯ ಆಕಳಿಗೆ ಹಾಕಿ ಏಳುತ್ತಿದ್ದೆ. ರವಿಕೆಗಳೆಲ್ಲ ಸಡಿಲಾಗಿದ್ದವು.

ನಮ್ಮ ಕಡೆ ಉಣ್ಣುವಾಗ ಯಾರೇ ಎದುರು ಬಂದರೂ ‘ಬರ್ರಿ ಊಟಕ್ಕ’ ಅನ್ನಬೇಕು. ಅವರು ‘ಆತ್ರಿ, ನೀವು ಮಾಡ್ರಿ’ ಎಂದು ಮುಂದೆ ಹೋಗಬೇಕು. ಕರೆದವರು ಬಡಿಸಲು ಏಳುವುದಿಲ್ಲ, ಕರೆಸಿಕೊಂಡವರು ಕೂರುವುದಿಲ್ಲ. ಒಂದು ಮಧ್ಯಾಹ್ನ ಅಕ್ಕೋರಿಗೂ ಹಾಗೇ ಅಂದೆ. ಅವರು ಚಪ್ಪಲಿ ಬಿಟ್ಟು ನನ್ನ ಪಕ್ಕದಲ್ಲಿ ಕೂತೇಬಿಟ್ಟರು.

“ಯಾಕ, ಸುಮ್ಮನ ಅಂದೇನು?”

“ಇಲ್ರೀ ಅಕ್ಕೋರ... ರೊಟ್ಟಿ ಒಂದ ಐತಿ.”

“ಮುರಿ ಮತ್ತ.”

ಮುರಿದೆ. ಮರುದಿನ ಎರಡು ರೊಟ್ಟಿ ಬಡಿದೆ. ಆಮೇಲೆ ದಿನವೂ ಬಂದರು, ಕೈಯಲ್ಲಿ ಮೊಸರೋ ಸೌತೆಕಾಯಿಯೋ ಇರುತ್ತಿತ್ತು. ನಾನು ಕೈ ನಿಲ್ಲಿಸಿದರೆ ಅವರೂ ನಿಲ್ಲಿಸಿ ಸುಮ್ಮನೆ ಕೂರುತ್ತಿದ್ದರು. ಅವರ ಹಸಿವಿಗಾಗಿ ನಾನು ತಿನ್ನಲೇಬೇಕಾಗುತ್ತಿತ್ತು.

ಒಂದು ದಿನ ಪಕ್ಕದ ಮನೆಯಾಕೆ ನಿಂತು ಕೇಳಿದಳು: “ಏನವಾ, ದಿನಾ ಉಣ್ಣಾಕ ಬರ್ತಾರಲ್ಲ, ಅಕ್ಕೋರು ನಿನಗೇನ ಆಗಬೇಕು?”

ಅಕ್ಕೋರೇ ಉತ್ತರ ಕೊಟ್ಟರು. “ಕಂಪ್ಯಾನಿಯನ್ ಆಗಬೇಕು.”

ಆಕೆ ಮುಖ ತಿರುವಿ ಹೋದಳು. ಹಾಗೆಂದರೇನೆಂದು ನಾನು ಕೇಳಿದೆ.

“ಸಂಗಾತಿ ಅಂತ. ಲ್ಯಾಟಿನ್ನಿಂದ ಬಂದ ಶಬ್ದ. ಮೂಲದಾಗ, ಕೂಡಿ ರೊಟ್ಟಿ ತಿನ್ನಾವರು ಅಂತ ಅರ್ಥ.”

“ಅವರದೂ ಜ್ವಾಳದ ರೊಟ್ಟೀನ ಏನ್ರಿ?”

“ಗೋಧೀದು. ಅವರ ನಸೀಬ ಅಷ್ಟ!”

ಆ ವರ್ಷ ನಾನು ನಕ್ಕದ್ದು ಅದೇ ಮೊದಲು...

ಅಕ್ಕೋರು ತೀರಿಕೊಂಡ ದಿನ ಮುಂಡರಗಿಯಿಂದ ಅವರ ತಮ್ಮನ ಮಕ್ಕಳು ಬಂದು ದೇಹವನ್ನು ಗಾಡಿಯಲ್ಲಿ ಊರಿಗೆ ಒಯ್ದರು. “ನೀವು ಅವರಿಗೆ ಏನಾಗಬೇಕ್ರಿ?” ಎಂದು ಒಬ್ಬರು ಕೇಳಿದರು. ಆ ಶಬ್ದ ನಾಲಿಗೆಯ ತನಕ ಬಂತು. “ಎದುರು ಮನಿಯಾಕಿ” ಅಂದೆ. ಗಾಡಿಯಲ್ಲಿ ಜಾಗ ಮನೆಯವರಿಗಷ್ಟೇ ಇತ್ತು.

ನಿನ್ನೆ ಅದೇ ಕಟ್ಟೆಯ ಮೇಲೆ ಉಣ್ಣುತ್ತಿದ್ದೆ. ಅಕ್ಕೋರ ಖೋಲಿಗೆ ಹೊಸದಾಗಿ ಬಂದಿರುವಾಕೆ ಕೀಲಿ ತೆಗೆಯುತ್ತಿದ್ದಳು. ‘ಬರ್ರಿ ಊಟಕ್ಕ’ ಅಂದೆ. ಬಾಯಿಮಾತಿಗಲ್ಲ, ನಿಜವಾಗಿಯೇ ಅಂದೆ.

“ಆತ್ರಿ, ನೀವು ಮಾಡ್ರಿ” ಎಂದು ಆಕೆ ಬಾಗಿಲು ಹಾಕಿಕೊಂಡಳು.

ತಾಟಿನಲ್ಲಿ ಎರಡು ರೊಟ್ಟಿಗಳಿದ್ದವು. ಸೀದ ಚಟ್ನಿಯೊಂದಿಗೆ ಒಂದನ್ನು ಪೂರ್ತಿ ತಿಂದೆ. ಇನ್ನೊಂದನ್ನು ಮುಚ್ಚಿ ಒಳಗಿಟ್ಟೆ.