ಮೂವತ್ತೇಳು ಮಾರ್ಕಿಗೆ ಒಂದು ನರ್ಸಿಂಗ್ ಸೀಟು

ನರ್ಸಿಂಗ್ ಸ್ಕೂಲಿನ ಸೀಟು ನನಗೆ ಮೂರು ತಿಂಗಳ ಭಾನುವಾರಗಳಿಗೆ ಮತ್ತು ಒಂದು ಜೊತೆ ಚಪ್ಪಲಿಗೆ ಬಿತ್ತು. ನನ್ನ ಜೊತೆ ಸೇರಿದ ಉಳಿದ ಹುಡುಗಿಯರಿಗೆ ಅದೇ ಸೀಟು ಪುಕ್ಕಟೆ ಸಿಕ್ಕಿತ್ತು. ಈಗಲೂ ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ. ಹೇಳಿದ ಬೆಲೆ ಕೊಟ್ಟು ನಾನು ತಂದ ಸಾಮಾನು ಜೀವಮಾನದಲ್ಲಿ ಅದೊಂದೇ. ದುಬಾರಿಯಾದದ್ದು ಏಕೆಂದರೆ ಮ್ಯಾಟ್ರಿಕ್‌ನಲ್ಲಿ ನನಗೆ ವಿಜ್ಞಾನದಲ್ಲಿ ಬಂದದ್ದು ಮೂವತ್ತೇಳು ಮಾರ್ಕು. ಮೂವತ್ತೈದಕ್ಕೆ ಪಾಸು. ಮೇಲಿನ ಎರಡನ್ನು ನಾನು ಉಳಿತಾಯವೆಂದೇ ತಿಳಿದಿದ್ದೆ.

ಮೂವತ್ತೇಳಕ್ಕೆ ಕಾರಣವಿತ್ತು. ನಮ್ಮ ಶಾಲೆಯ ವಿಜ್ಞಾನದ ಮಾಸ್ತರರು ವರ್ಷದ ನಡುವೆ ವಿಕ್ರೋಳಿಯ ಯಾವುದೋ ಕಾರ್ಖಾನೆಯಲ್ಲಿ ಒಳ್ಳೆಯ ಪಗಾರ ಸಿಕ್ಕಿತೆಂದು ಹೊರಟುಹೋದರು. ಅವರ ತಾಸನ್ನು ಡ್ರಾಯಿಂಗ್ ಮಾಸ್ತರರಿಗೆ ಕೊಟ್ಟರು. ಅವರು ಕಪ್ಪೆಯ ಪಾಠ ತೆಗೆದುಕೊಂಡರು. ಇಡೀ ಮಳೆಗಾಲ ಕಪ್ಪೆಯನ್ನೇ ತೆಗೆದುಕೊಂಡರು. ಬೆನ್ನಿನ ಮೇಲೆ ಬೆಳಕು ಹೇಗೆ ಬೀಳುತ್ತದೆ, ತೊಡೆಯ ಕೆಳಗೆ ನೆರಳನ್ನು ಹೇಗೆ ತೀಡಬೇಕು, ಎಲ್ಲ ಕಲಿಸಿದರು. ಹೊಟ್ಟೆಯೊಳಗೆ ಏನಿರುತ್ತದೆ ಎಂದು ಯಾರಾದರೂ ಕೇಳಿದರೆ, ಅದನ್ನು ತೆಗೆದರೆ ಚಿತ್ರ ಕೆಡುತ್ತದೆ ಎನ್ನುತ್ತಿದ್ದರು. ಪರೀಕ್ಷೆಯಲ್ಲಿ ಹೊಟ್ಟೆಯೊಳಗಿನದನ್ನೇ ಕೇಳಿದರು.

ನಾವು ಧಾರವಾಡದ ಕಡೆಯವರು, ದಾದರಿನ ಚಾಳಿನಲ್ಲಿ ಒಂದೂವರೆ ಖೋಲಿಯಲ್ಲಿದ್ದೆವು. ಅಪ್ಪ ಬಟ್ಟೆ ಗಿರಣಿಯಲ್ಲಿ ಗುಮಾಸ್ತ. ಸಂತೆ ಮಾಡುವ ಕೆಲಸ ಚಿಕ್ಕಂದಿನಿಂದಲೇ ನನ್ನ ಪಾಲಿಗೆ ಬಂದಿತ್ತು, ಕಲಿಸಿದವಳು ಅವ್ವ. ವಿದ್ಯೆ ಬಹಳ ಸರಳ. ಬೆಲೆ ಕೇಳಬೇಕು, ಅದರ ಅರ್ಧ ಹೇಳಬೇಕು, ಅವನು ನಕ್ಕರೆ ಚೀಲ ಹೆಗಲಿಗೆ ಹಾಕಿಕೊಂಡು ನಡೆದುಬಿಡಬೇಕು. ನಾಲ್ಕು ಅಂಗಡಿ ದಾಟುವುದರೊಳಗೆ ಹಿಂದಿನಿಂದ ಕೂಗು ಬರುತ್ತದೆ. ದಾದರಿನ ಮಾರ್ಕೆಟ್ಟಿನಲ್ಲಿ ಆ ಕೂಗು ನನಗೆ ಒಂದು ದಿನವೂ ತಪ್ಪಿರಲಿಲ್ಲ. ಚಾಳಿನ ಹೆಂಗಸರು ತಮ್ಮ ಮಗಳಂದಿರ ಮದುವೆಗೆ ಪಾತ್ರೆ ಕೊಳ್ಳಲು ಹೋಗುವಾಗ ನನ್ನನ್ನು ಕರೆದುಕೊಂಡು ಹೋಗುತ್ತಿದ್ದರು.

ಮ್ಯಾಟ್ರಿಕ್ ಮುಗಿಯುತ್ತಲೇ ನನ್ನ ಮದುವೆಯ ಮಾತೂ ಬಂತು. ಅವ್ವನ ತಮ್ಮ, ನಮ್ಮ ಮಾಮಾ, ಮುಲುಂಡಿನಲ್ಲಿ ಒಂದು ವರ ನೋಡಿದ್ದ. ಹುಡುಗ ಒಳ್ಳೆಯವನೇ. ಕುಡಿತವಿಲ್ಲ, ಬೀಡಿಯಿಲ್ಲ, ಸ್ವಂತ ಪಾತ್ರೆ ಅಂಗಡಿ. ಅಂಗಡಿಯ ನೆತ್ತಿಯ ಮೇಲೆ ದೊಡ್ಡಕ್ಷರದ ಬೋರ್ಡು: ‘ಒಂದೇ ದರ’. ಅದನ್ನು ಓದಿ ನನಗೆ ಅನ್ನ ಸೇರಲಿಲ್ಲ. ಮಾಮಾ ಗಡುವು ಕೊಟ್ಟ: ಶಾಲೆಗಳು ತೆರೆಯುವುದರೊಳಗೆ ಕೆಲಸವೋ ಕಲಿಕೆಯೋ ಯಾವುದಾದರೂ ಗಟ್ಟಿಯಾದರೆ ಸರಿ, ಇಲ್ಲವಾದರೆ ಮುಲುಂಡಿನವರಿಗೆ ಮಾತು ಕೊಡುವುದು. ಬೋರ್ಡಿನ ಮಾತು ತಮಾಷೆಗೆ. ಒಳಗಿದ್ದದ್ದು ಬೇರೆ. ಸಂತೆಯಲ್ಲಿ ನಾನು ಉಳಿಸಿದ ಪುಡಿಕಾಸನ್ನೆಲ್ಲ ಅವ್ವ ಅಪ್ಪನ ಕೈಗೆ ಕೊಡುತ್ತಿದ್ದಳು. ನನಗೆ ನನ್ನ ಕೈಯ ಪಗಾರ ಬೇಕಿತ್ತು.

ಆಗ ನಮ್ಮಂಥ ಮನೆಗಳಲ್ಲಿ ಹುಡುಗಿಯನ್ನು ನರ್ಸ್ ಮಾಡುವವರು ಕಡಿಮೆ. ಯಾರ ಯಾರದೋ ಮೈ ಮುಟ್ಟಬೇಕು, ರಾತ್ರಿ ಪಾಳಿ ಮಾಡಬೇಕು ಎಂದು ಅಪ್ಪ ಎರಡು ದಿನ ಮಾತು ಬಿಟ್ಟರು. ಅವ್ವ ಮಾತ್ರ ನನ್ನ ಕಡೆ ವಾಲಿದಳು. ಅದಕ್ಕೆ ಅವಳದೇ ಲೆಕ್ಕವಿತ್ತು. “ಅಲ್ರೀ, ಉಣ್ಣಾಕ ಅವರ ಹಾಕ್ತಾರ, ಇರಾಕ ಜಾಗಾ ಕೊಡ್ತಾರ, ಕಲಸ್ತಾರ, ಮ್ಯಾಲ ತಿಂಗಳಾ ರೊಕ್ಕಾನೂ ಕೊಡ್ತಾರ. ಇಂಥಾ ವ್ಯಾಪಾರ ಎಲ್ಲೆರ ಕೇಳೀರೇನು?” ಎಂದಳು. ಅಪ್ಪ ಕೇಳಿರಲಿಲ್ಲ.

ಹೀಗೆ ಒಂದು ಬೆಳಿಗ್ಗೆ ಅವ್ವನೂ ನಾನೂ ಟ್ರಾಮ್ ಹಿಡಿದು ಆಸ್ಪತ್ರೆಗೆ ಹೋದೆವು. ಅವ್ವ ಗೇಟಿನ ಹೊರಗೆ ಮರದ ನೆರಳಲ್ಲಿ ಕುಳಿತಳು. ಒಳಗೆ ಬೆಂಚಿನ ತುಂಬ ಹುಡುಗಿಯರು. ನನ್ನ ಸರದಿ ಬಂದಾಗ ನರ್ಸುಗಳಿಗೆಲ್ಲ ಮುಖ್ಯಸ್ಥೆಯಾದ ಮೇಟ್ರನ್ ಬಾಯಿ ನನ್ನ ಅರ್ಜಿ ನೋಡಿ, ಕನ್ನಡದವಳೋ ಎಂದು ಕನ್ನಡದಲ್ಲೇ ಕೇಳಿದರು. ಅವರು ಗದಗಿನ ಕಡೆಯ ಕ್ರಿಶ್ಚಿಯನ್ನರು. ಬಿಳಿ ಸೀರೆ, ಬಿಗಿದು ಕಟ್ಟಿದ ತುರುಬು, ಎದುರಿಗಿದ್ದವರನ್ನು ತೂಕಕ್ಕೆ ಹಾಕುವಂಥ ಕಣ್ಣು. ಊರಿನವರು ಸಿಕ್ಕರು, ಇನ್ನೇನು ಆದಂತೆಯೇ ಎಂದುಕೊಂಡೆ. ಅಲ್ಲೇ ಮೊದಲ ತಪ್ಪು.

“ವಿಜ್ಞಾನದಾಗ ಐವತ್ತರ ಬೇಕು, ತಂಗಿ,” ಎಂದರು.

“ಐವತ್ತು ಭಾಳ ಆತ್ರಿ ಬಾಯಾರ,” ಎಂದೆ. ನಾಲಿಗೆ ಅಭ್ಯಾಸಬಲದಿಂದ ತಾನೇ ಓಡಿತು. “ನಲವತ್ತಕ್ಕ ಮುಗಸ್ರಿ. ಉಳಿದ ಮೂರು ನಾ ಆಮ್ಯಾಲ ತುಂಬಿಕೊಡ್ತೇನಿ.”

ಅವರು ನಗಲಿಲ್ಲ. ನಾನು ಮರಾಠಿಯ ಮಾರ್ಕು ತೋರಿಸಿದೆ, ಇತಿಹಾಸ ತೋರಿಸಿದೆ. ಒಂದು ತಿಂಗಳು ಪಗಾರವಿಲ್ಲದೆ ಇಟ್ಟುಕೊಂಡು ನೋಡಿ, ಬೇಡವಾದರೆ ವಾಪಸು ಕಳಿಸಿ ಎಂದೆ. ಆಸ್ಪತ್ರೆ ಸೀರೆಯಂಗಡಿಯಲ್ಲ ಎಂದು ಅವರು ಹೇಳಿದರು. ಅಲ್ಲಿಗೆ ಮಾತು ನಿಂತಿತು. ಮಾತು ನಿಂತಾಗ ಏನು ಮಾಡಬೇಕೆಂದು ನನಗೆ ಗೊತ್ತಿತ್ತು. ಮಾರ್ಕಿನ ಹಾಳೆ ಮಡಚಿದೆ, ಚೀಲ ಹೆಗಲಿಗೆ ಹಾಕಿಕೊಂಡೆ, “ಹಂಗಾರ ಬರ್ತೇನ್ರಿ,” ಎಂದು ಎದ್ದು ನಡೆದೆ.

ವರಾಂಡ ದಾಟಿದೆ. ಕೂಗು ಬರಲಿಲ್ಲ. ಮೆಟ್ಟಿಲನ್ನು ಒಂದೊಂದಾಗಿ ನಿಧಾನ ಇಳಿದೆ. ಬಾಗಿಲಲ್ಲಿ ಕುಳಿತ ಸಿಪಾಯಿ ತಂಬಾಕು ತಿಕ್ಕುತ್ತ ನನ್ನನ್ನು ನೋಡಿದ, ತಿಕ್ಕುವುದನ್ನು ಮುಂದುವರಿಸಿದ. ಗೇಟಿನ ಹತ್ತಿರ ಚೀಲ ಸರಿಮಾಡಿಕೊಂಡೆ, ಸೆರಗು ಸರಿಮಾಡಿಕೊಂಡೆ, ಸರಿಮಾಡಿಕೊಳ್ಳಲು ಇನ್ನೇನೂ ಉಳಿಯಲಿಲ್ಲ.

ಅವ್ವ ಎದ್ದು ಬಂದು, “ಕರದ್ರೇನು?” ಎಂದಳು.

“ಇಲ್ಲ.”

ಅವಳು ಸ್ವಲ್ಪ ಯೋಚಿಸಿ, “ಇನ್ನೊಂದೀಟು ದೂರ ಹೋಗೋಣು ನಡಿ,” ಎಂದಳು.

ಇನ್ನೊಂದಿಷ್ಟು ದೂರ ಹೋದೆವು. ಒಂದು ಟ್ರಾಮ್ ಸ್ಟಾಪು ದಾಟಿದೆವು, ಇನ್ನೊಂದನ್ನೂ ದಾಟಿದೆವು. ಸಿಪಾಯಿ ಓಡಿ ಬಂದರೆ ಸಿಗಬೇಕಲ್ಲ ಎಂದು ಟ್ರಾಮ್ ಹತ್ತಲಿಲ್ಲ. ಹೀಗೆ ದಾದರಿನವರೆಗೂ ನಡೆದೇ ಬಂದೆವು. ಚಾಳಿನ ಮೆಟ್ಟಿಲ ಬುಡದಲ್ಲಿ ನನ್ನ ಚಪ್ಪಲಿಯ ಉಂಗುಷ್ಠ ಕಿತ್ತು ಬಂತು. ಆ ಚಪ್ಪಲಿ ಮತ್ತೆ ಹೊಲಿಗೆಗೆ ಬಗ್ಗಲಿಲ್ಲ. “ಆಕಿಗೆ ಗಿರಾಕಿ ಭಾಳ ಇರಬೇಕು,” ಎಂದು ಅವ್ವ ತೀರ್ಪು ಕೊಟ್ಟಳು.

ರಾತ್ರಿ ಊಟಕ್ಕೆ ಬಂದ ಮಾಮಾ ಮುಲುಂಡಿನವರ ಗುಣಗಾನ ಮಾಡಿದ. ನಾನು ರೊಟ್ಟಿ ಬಡಿಯುತ್ತ ಯೋಚಿಸುತ್ತಿದ್ದೆ. ಗಿರಾಕಿ ಬಹಳ ಇದ್ದಾರೋ ಇಲ್ಲವೋ ಎಂದು ತಿಳಿಯದೆ ನಾನು ಎದ್ದು ಬಂದಿದ್ದೆ. ಇಷ್ಟು ವರ್ಷ ಸಂತೆ ಮಾಡಿದವಳಿಗೆ ಇದು ಶೋಭಿಸುವ ಕೆಲಸವಲ್ಲ. ಮರುದಿನ ಅವ್ವನ ಚಪ್ಪಲಿ ಮೆಟ್ಟಿಕೊಂಡು ಒಬ್ಬಳೇ ಹೋಗಿ, ಆಸ್ಪತ್ರೆಯ ಗೇಟಿನ ಎದುರು ಕಬ್ಬಿನ ಹಾಲು ಮಾರುವವನ ಹತ್ತಿರ ಅರ್ಧ ಗ್ಲಾಸು ಕುಡಿದು, ಒಂದು ಗ್ಲಾಸಿನಷ್ಟು ಸುದ್ದಿ ಕೇಳಿಕೊಂಡು ಬಂದೆ. ಪ್ರತಿ ವರ್ಷವೂ ಬೆಂಚು ತುಂಬುತ್ತದೆ, ಆಮೇಲೆ ಒಬ್ಬಳ ಅಜ್ಜಿ ಅಳುತ್ತಾಳೆ, ಇನ್ನೊಬ್ಬಳ ಕಾಕಾ ಬಂದು ಎಳೆದುಕೊಂಡು ಹೋಗುತ್ತಾನೆ, ಕೊನೆಗೆ ಮೇಟ್ರನ್ ಬಾಯಿ ತಲೆ ಹಿಡಿದುಕೊಂಡು ಕೂರುತ್ತಾರೆ ಎಂದ. ಹೆಸರು ಬರೆಸಿಕೊಳ್ಳುವ ಕೊನೆಯ ದಿನ ಶನಿವಾರ.

ಮೆಂತ್ಯದ ಸಿವುಡು ಬೆಳಿಗ್ಗೆ ಒಂದು ಬೆಲೆ, ದೀಪ ಹಚ್ಚುವ ಹೊತ್ತಿಗೆ ಒಂದು ಬೆಲೆ. ಶನಿವಾರ ಸಂಜೆ ಆಫೀಸು ಮುಚ್ಚುವ ಹೊತ್ತಿಗೆ ಸರಿಯಾಗಿ ಹೋದೆ. ಬೆಂಚು ಖಾಲಿ. ಮೇಟ್ರನ್ ಬಾಯಿ ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳುತ್ತಿದ್ದರು.

“ಯಾಕ, ಯಾರೂ ಕರೀಲಿಲ್ಲೇನು?” ಎಂದರು.

ನಾನು ಹೆಗಲಿನ ಚೀಲ ಇಳಿಸಿ ನೆಲಕ್ಕಿಟ್ಟೆ.

“ನಾನೂ ಸಂತಿ ಮಾಡಿದಾಕಿ, ತಂಗಿ. ಕಿಡಕ್ಯಾಗಿಂದ ನೋಡಾಕತ್ತಿದ್ದೆ. ಹೊಳ್ಳಿ ನೋಡದ ಹೋಗಿದ್ರ ಕರೀತಿದ್ನೋ ಏನೋ. ಗೇಟಿನ ತನಕಾ ಮೂರು ಸಲ ಹೊಳ್ಳಿ ನೋಡಿದಿ. ನಿನಗ ಇದು ಬೇಕಾಗೇತಿ ಅಂತ ಗೊತ್ತಾದ ಮ್ಯಾಲ ನಾ ಯಾಕ ಇಳೀಲಿ?”

ಹೌದು, ನೋಡಿದ್ದೆ. ಬದನೆಕಾಯಿಗೆ ನಾನೆಂದೂ ತಿರುಗಿ ನೋಡಿದವಳಲ್ಲ. ನನಗೆ ಇದು ಬೇಕೇಬೇಕು, ಇಲ್ಲದಿದ್ದರೆ ಮದುವೆ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಕಪ್ಪೆಯ ಕಥೆಯನ್ನೂ ಹೇಳಿದೆ. ಅದಕ್ಕೆ ಮಾತ್ರ ಅವರು ಬಾಯಿಗೆ ಸೆರಗು ಹಿಡಿದರು. ಆಮೇಲೆ ತಮ್ಮ ಬೆಲೆ ಹೇಳಿದರು: ಮೂರು ತಿಂಗಳು ಉಳಿದವರಿಗೆಲ್ಲ ಭಾನುವಾರ ರಜೆ, ನನಗಿಲ್ಲ; ಆ ದಿನ ಕಲಿಸುವ ಸಿಸ್ಟರ್ ಹತ್ತಿರ ಕುಳಿತು ವಿಜ್ಞಾನ ಓದಬೇಕು. ಮೂರು ತಿಂಗಳ ಪರೀಕ್ಷೆಯಲ್ಲಿ ಐವತ್ತು ಬಾರದಿದ್ದರೆ ಟ್ರಂಕು ಎತ್ತಿಕೊಂಡು ಮನೆಗೆ.

“ಒಂದು ಭಾನುವಾರ ಬಿಟ್ಟು ಒಂದು ಭಾನುವಾರ ಮಾಡ್ರಿ ಬಾಯಾರ,” ಎಂದೆ.

ಅವರು ಪೆನ್ನಿನ ಟೊಪ್ಪಿಗೆ ಹಾಕತೊಡಗಿದರು. ಎಲ್ಲ ಭಾನುವಾರವೂ ಆಗಲಿ ಎಂದು ನಾನು ಗಡಬಡಿಸಿ ಒಪ್ಪಿಕೊಂಡೆ.

ಮೂರು ತಿಂಗಳ ಪರೀಕ್ಷೆಯಲ್ಲಿ ಐವತ್ತೆರಡು ಬಂತು. ಮೇಲಿನ ಎರಡು ಅಲ್ಲಿಯೂ ಬಂತು, ನನ್ನ ಕೈಗುಣವೇ ಹಾಗೆ. ಮೊದಲ ತಿಂಗಳ ರೊಕ್ಕದಲ್ಲಿ ಅವ್ವನಿಗೆ ಚಪ್ಪಲಿ ಕೊಡಿಸಲು ಹೋದೆ; ನಾನು ಚೌಕಾಸಿ ಮಾಡುವಾಗ ಅವಳು ತಿರುಗಿ ನೋಡದೆ ನಡೆದು ಎಷ್ಟು ದೂರ ಹೋದಳೆಂದರೆ ನಾನೇ ಓಡಿಹೋಗಿ ಹಿಡಿದುಕೊಂಡು ಬರಬೇಕಾಯಿತು.

ಮಾರ್ಕು ಕಡಿಮೆ ಬಂದು ಮುಖ ಸಣ್ಣದು ಮಾಡಿಕೊಂಡ ಹುಡುಗಿಯರು ಈಗಲೂ ನನ್ನ ಹತ್ತಿರ ಬರುತ್ತಾರೆ. ಅವರಿಗೆ ಹೇಳುವುದನ್ನೇ ನಿಮಗೂ ಹೇಳುತ್ತೇನೆ. ಕಡಿಮೆ ಮಾರ್ಕನ್ನು ಸೀಟು ಕೊಡುವವರು ಕಂಡುಹಿಡಿಯುವ ಮೊದಲು ನೀವೇ ಹೇಳಿಬಿಡಿ, ಕಾರಣವನ್ನು ಎರಡು ಮಾತಿನಲ್ಲಿ ಮುಗಿಸಿ. ಮಾಮಾನನ್ನಾಗಲಿ ಕಾಕಾನನ್ನಾಗಲಿ ಶಿಫಾರಸಿಗೆ ಕಳಿಸಬೇಡಿ. ಅವರು ನಿಮ್ಮ ಮದುವೆಯ ಮಾತು ಮುಗಿಸಿಕೊಂಡು ಬರುತ್ತಾರೆ. ಸೀಟು ಎಷ್ಟು, ಹುಡುಗಿಯರೆಷ್ಟು ಎಂದು ಗೇಟಿನ ಹೊರಗೆ ವಿಚಾರಿಸಿ, ಕೊನೆಯ ದಿನ ಮತ್ತೊಮ್ಮೆ ಹೋಗಿ. ಒಮ್ಮೆ ಬೇಡವೆಂದವರು ಎರಡನೆಯ ಸಲವೂ ಬೇಡವೆನ್ನಬೇಕೆಂದೇನಿಲ್ಲ. ನಿಮಗೆ ನಿಜವಾಗಿ ಬೇಕಾದ ವಸ್ತುವಾದರೆ ಎದ್ದು ಹೋಗುವ ಆಟ ಆಡಬೇಡಿ, ಕುಳಿತಲ್ಲೇ ಕೇಳಿ. ಸೀಟು ಸಿಕ್ಕಿತೆಂದರೆ ಆ ರಾತ್ರಿಯೇ ಓದಲು ಶುರುಮಾಡಿ. ಮೈಯಲ್ಲಿ ಮೂಳೆಗಳು ಇನ್ನೂರಾ ಆರು; ಅದರಲ್ಲಿ ಒಂದನ್ನೂ ಯಾರೂ ಕಡಿಮೆ ಮಾಡುವುದಿಲ್ಲ, ನಾನು ಕೇಳಿ ನೋಡಿದ್ದೇನೆ. ಕೈಮೂಳೆಗಳಿಂದ ಶುರುಮಾಡಿ, ಅಂಗೈ ಸದಾ ಕಣ್ಣೆದುರಿಗೇ ಇರುತ್ತದೆ.